ವಠಾರದ ಮಕ್ಕಳನ್ನು ನಂಬಿದ ಮಾರಿಯಾ ಮಾಂಟೆಸ್ಸರಿ

ರಾಜ್ಯದ ಯಾವ ನಗರದ ಹೊಸ ಬಡಾವಣೆಯಲ್ಲಿ ಓಡಾಡಿದರೂ ಮಾಂಟೆಸ್ಸರಿ ಎಂಬ ಹೆಸರು ಹೊತ್ತ ಫಲಕವೊಂದು ಕಣ್ಣಿಗೆ ಬೀಳದಿರದು. ಬಣ್ಣ ಬಳಿದ ಗೋಡೆ, ಗೇಟಿನ ಮುಂದೆ ಕಾರುಗಳ ಸಾಲು, ಸೀಟಿಗಾಗಿ ತಂದೆತಾಯಿಯರ ಧಾವಂತ, ಅದಕ್ಕೆ ತಕ್ಕ ಶುಲ್ಕ. ಆ ಹೆಸರು ಕೇಳಿದೊಡನೆ ನಗರವಾಸಿಗಳ ಮನಸ್ಸಿನಲ್ಲಿ ಮೂಡುವ ಚಿತ್ರ ಬಹುಮಟ್ಟಿಗೆ ಇದೇ. ಆದರೆ ಈ ಪದ್ಧತಿಯ ಮೊದಲ ಶಾಲೆ ತೆರೆದದ್ದು ಶ್ರೀಮಂತರ ಬೀದಿಯಲ್ಲಲ್ಲ. ರೋಮ್ ನಗರದ ಕಡುಬಡವರ ಕೇರಿಯೊಂದರ ವಠಾರದಲ್ಲಿ. ಅಲ್ಲಿಗೆ ಬಂದವರು ಓದುಬರಹ ಬಾರದ ಕೂಲಿಕಾರರ ಮಕ್ಕಳು. ಅದಕ್ಕೂ ಹಿಂದೆ ಹೋದರೆ, ಈ ಪದ್ಧತಿಯ ಬೀಜ ಮೊಳೆತದ್ದು ಹುಚ್ಚಾಸ್ಪತ್ರೆಯ ಕೋಣೆಯೊಂದರಲ್ಲಿ, ಸಮಾಜ ಕೈಬಿಟ್ಟ ಮಕ್ಕಳ ನಡುವೆ.

ಇಟಲಿಯ ಪೂರ್ವ ಕರಾವಳಿಯ ಅಂಕೋನಾ ನಗರಕ್ಕೆ ಸಮೀಪದ ಕಿಯಾರವಾಲೆ ಎಂಬ ಊರಿನಲ್ಲಿ 1870ರ ಆಗಸ್ಟ್ 31ರಂದು ಮಾರಿಯಾ ಮಾಂಟೆಸ್ಸರಿ ಜನಿಸಿದರು. ತಂದೆ ಅಲೆಸ್ಸಾಂಡ್ರೊ ಸರ್ಕಾರಿ ನೌಕರರು, ಹಳೆಯ ಕಟ್ಟುಪಾಡುಗಳಿಗೆ ಒಗ್ಗಿಕೊಂಡವರು. ತಾಯಿ ರೆನಿಲ್ಡೆ ಸ್ಟೊಪ್ಪಾನಿ ಓದಿನಲ್ಲಿ ಅಪಾರ ಆಸಕ್ತಿಯಿದ್ದ ಮಹಿಳೆ. 1875ರಲ್ಲಿ ಕುಟುಂಬ ರೋಮ್‌ಗೆ ಬಂದು ನೆಲೆಸಿತು. ಓದಿದ ಹೆಣ್ಣುಮಗಳಿಗೆ ಆ ಕಾಲದಲ್ಲಿ ತೆರೆದಿದ್ದ ದಾರಿ ಎಂದರೆ ಶಿಕ್ಷಕಿಯ ಕೆಲಸ. ಮನೆಯವರ ಸಲಹೆಯೂ ಅದೇ ಆಗಿತ್ತು. ಮಾರಿಯಾ ಅದನ್ನು ಖಡಾಖಂಡಿತವಾಗಿ ನಿರಾಕರಿಸಿದರು. ಮುಂದೆ ಜಗತ್ತಿನ ಅತ್ಯಂತ ಪ್ರಸಿದ್ಧ ಶಿಕ್ಷಕಿಯಾದವರು ಮೊದಲಿಗೆ ದೂರ ತಳ್ಳಿದ್ದು ಶಿಕ್ಷಕ ವೃತ್ತಿಯನ್ನೇ.

ಹದಿಮೂರನೆಯ ವಯಸ್ಸಿನಲ್ಲಿ ಅವರು ಸೇರಿದ್ದು ಹುಡುಗರೇ ತುಂಬಿದ್ದ ತಾಂತ್ರಿಕ ಶಾಲೆಯನ್ನು. ಎಂಜಿನಿಯರ್ ಆಗಬೇಕೆಂಬ ಹಂಬಲ ಕ್ರಮೇಣ ವೈದ್ಯಳಾಗಬೇಕೆಂಬ ಛಲವಾಗಿ ತಿರುಗಿತು. ತಂದೆಗೆ ಇದು ಒಪ್ಪಿಗೆಯಾಗಲಿಲ್ಲ. ತಾಯಿ ಮಗಳ ಬೆನ್ನಿಗೆ ನಿಂತರು. ರೋಮ್ ವಿಶ್ವವಿದ್ಯಾಲಯದಲ್ಲಿ ಮೊದಲು ನಿಸರ್ಗ ವಿಜ್ಞಾನಗಳನ್ನು ಓದಿ, ಬಳಿಕ ವೈದ್ಯಕೀಯಕ್ಕೆ ಪ್ರವೇಶ ಪಡೆದರು. ಸಹಪಾಠಿಗಳ ಗೇಲಿ ನಿತ್ಯದ ಮಾತಾಯಿತು. ಗಂಡಸರ ಜತೆ ನಿಂತು ಹೆಣ್ಣೊಬ್ಬಳು ಶವ ಕೊಯ್ಯುವುದು ಸಭ್ಯತೆಗೆ ತಕ್ಕುದಲ್ಲವೆಂದು, ಎಲ್ಲರೂ ಹೋದ ಮೇಲೆ ಒಬ್ಬರೇ ಆ ಕೆಲಸ ಮಾಡಬೇಕಾಯಿತು. ಇವೆಲ್ಲವನ್ನೂ ನುಂಗಿಕೊಂಡು 1896ರ ಜುಲೈನಲ್ಲಿ ಅವರು ವೈದ್ಯಕೀಯ ಪದವಿ ಪಡೆದರು. ಇಟಲಿಯ ಮೊದಲ ಕೆಲವೇ ಮಹಿಳಾ ವೈದ್ಯರಲ್ಲಿ ಅವರೂ ಒಬ್ಬರು. ಅದೇ ವರ್ಷ ಬರ್ಲಿನ್‌ನಲ್ಲಿ ನಡೆದ ಮಹಿಳಾ ಸಮ್ಮೇಳನಕ್ಕೆ ಇಟಲಿಯ ಪ್ರತಿನಿಧಿಯಾಗಿ ಹೋಗಿ, ದುಡಿಯುವ ಹೆಂಗಸರಿಗೆ ಗಂಡಸರಷ್ಟೇ ಕೂಲಿ ಸಿಗಬೇಕೆಂದು ವಾದಿಸಿ ಬಂದರು.

ಬರಿಗೋಡೆಯ ಕೋಣೆಯಲ್ಲಿ ಕಂಡ ಹಸಿವು

ಪದವಿಯ ನಂತರ ಅವರು ರೋಮ್ ವಿಶ್ವವಿದ್ಯಾಲಯದ ಮನೋರೋಗ ಚಿಕಿತ್ಸಾಲಯದಲ್ಲಿ ಕೆಲಸಕ್ಕೆ ಸೇರಿದರು. ಚಿಕಿತ್ಸೆಗೆ ಯೋಗ್ಯರಾದ ರೋಗಿಗಳನ್ನು ಆರಿಸಲು ನಗರದ ಹುಚ್ಚಾಸ್ಪತ್ರೆಗಳಿಗೆ ಹೋಗಬೇಕಾಗುತ್ತಿತ್ತು. ಬುದ್ಧಿಮಾಂದ್ಯರೆಂದು ಹಣೆಪಟ್ಟಿ ಹಚ್ಚಿದ ಮಕ್ಕಳನ್ನು ಆಗ ಅಲ್ಲಿಯೇ ಕೂಡಿಹಾಕಲಾಗುತ್ತಿತ್ತು. ಒಂದು ಕಡೆ, ಊಟ ಮುಗಿದ ಮೇಲೆ ಮಕ್ಕಳು ನೆಲದ ಮೇಲೆ ಬಿದ್ದ ರೊಟ್ಟಿಯ ಚೂರುಗಳಿಗಾಗಿ ಮುಗಿಬೀಳುತ್ತಾರೆ, ಇವರ ಹೊಟ್ಟೆಬಾಕತನಕ್ಕೆ ಕೊನೆಯಿಲ್ಲವೆಂದು ನೋಡಿಕೊಳ್ಳುವವಳು ಅಸಹ್ಯದಿಂದ ದೂರಿದಳು. ಮಾರಿಯಾ ಕೋಣೆಯನ್ನು ಸುತ್ತಲೂ ನೋಡಿದರು. ಬರಿಯ ಗೋಡೆ, ಬರಿಯ ನೆಲ. ಒಂದು ಆಟಿಕೆಯೂ ಇಲ್ಲ, ಕೈಗೆ ಸಿಗುವ ಒಂದು ವಸ್ತುವೂ ಇಲ್ಲ. ಆ ಮಕ್ಕಳು ರೊಟ್ಟಿಯ ಚೂರನ್ನು ತಿನ್ನಲು ಹುಡುಕುತ್ತಿರಲಿಲ್ಲ. ಮುಟ್ಟಿ ನೋಡಲು, ಬೆರಳುಗಳಲ್ಲಿ ಹಿಡಿದು ಆಡಲು ಅವರಿಗೆ ಸಿಗುತ್ತಿದ್ದ ಏಕೈಕ ವಸ್ತು ಅದಾಗಿತ್ತು. ಅವರದು ಹೊಟ್ಟೆಯ ಹಸಿವಲ್ಲ, ಬುದ್ಧಿಯ ಹಸಿವು ಎಂಬುದು ಆ ಯುವ ವೈದ್ಯೆಗೆ ಹೊಳೆಯಿತು.

ಅಲ್ಲಿಂದ ಅವರ ಓದಿನ ದಿಕ್ಕೇ ಬದಲಾಯಿತು. ಕಾಡಿನಲ್ಲಿ ಸಿಕ್ಕ ಹುಡುಗನೊಬ್ಬನಿಗೆ ಮಾತು ಕಲಿಸಲು ವರ್ಷಗಟ್ಟಲೆ ಹೆಣಗಿದ್ದ ಫ್ರೆಂಚ್ ವೈದ್ಯ ಇಟಾರ್, ಅವನ ಶಿಷ್ಯ ಸೆಗೆನ್ ಇವರ ಬರಹಗಳನ್ನು ಮಾರಿಯಾ ಆಳವಾಗಿ ಅಭ್ಯಾಸ ಮಾಡಿದರು. ಇಂಥ ಮಕ್ಕಳ ಸಮಸ್ಯೆಗೆ ಔಷಧಕ್ಕಿಂತ ಹೆಚ್ಚಾಗಿ ಬೇಕಾದದ್ದು ಸರಿಯಾದ ಕಲಿಕೆ ಎಂಬ ನಿಲುವಿಗೆ ಬಂದು, 1898ರಲ್ಲಿ ಟ್ಯೂರಿನ್ ನಗರದಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ ಅದನ್ನು ಮಂಡಿಸಿದರು. 1900ರಲ್ಲಿ ಇಂಥ ಮಕ್ಕಳಿಗೆ ಕಲಿಸುವ ಶಿಕ್ಷಕರನ್ನು ತಯಾರು ಮಾಡುವ ಸಂಸ್ಥೆಯೊಂದು ರೋಮ್‌ನಲ್ಲಿ ಆರಂಭವಾದಾಗ ಅದರ ನಿರ್ದೇಶಕರಲ್ಲಿ ಒಬ್ಬರಾದರು. ಹಗಲೆಲ್ಲ ಮಕ್ಕಳ ಜತೆ ಕಳೆದು, ರಾತ್ರಿ ಕುಳಿತು ಟಿಪ್ಪಣಿ ಬರೆದು, ಹೊಸ ಸಾಮಗ್ರಿಗಳನ್ನು ಮಾಡಿಸಿ, ಮರುದಿನ ಮತ್ತೆ ಪರೀಕ್ಷಿಸುವುದು ದಿನಚರಿಯಾಯಿತು.

ಪರಿಣಾಮ ಎಲ್ಲರನ್ನೂ ಬೆರಗುಗೊಳಿಸಿತು. ಏನೂ ಕಲಿಯಲಾರರೆಂದು ಬಿಟ್ಟುಬಿಟ್ಟಿದ್ದ ಮಕ್ಕಳಲ್ಲಿ ಕೆಲವರು ಓದು ಬರಹ ಕಲಿತು, ಸಾಮಾನ್ಯ ಮಕ್ಕಳ ಜತೆಯಲ್ಲೇ ಸಾರ್ವಜನಿಕ ಪರೀಕ್ಷೆ ಬರೆದು ಉತ್ತೀರ್ಣರಾದರು. ಜನ ಇದನ್ನು ಪವಾಡವೆಂದು ಕೊಂಡಾಡಿದರು. ಆದರೆ ಮಾರಿಯಾ ಅವರನ್ನು ಕಾಡಿದ್ದು ಬೇರೆಯೇ ಪ್ರಶ್ನೆ. ನತದೃಷ್ಟ ಮಕ್ಕಳು ಆರೋಗ್ಯವಂತ ಮಕ್ಕಳ ಮಟ್ಟಕ್ಕೆ ಏರಬಲ್ಲರಾದರೆ, ಆರೋಗ್ಯವಂತ ಮಕ್ಕಳು ಅಷ್ಟು ಕೆಳಗಿನ ಮಟ್ಟದಲ್ಲೇ ಏಕೆ ಉಳಿದಿದ್ದಾರೆ? ಊರಿನ ಶಾಲೆಗಳು ಅವರಿಗೆ ಏನು ಮಾಡುತ್ತಿವೆ? ಈ ಪ್ರಶ್ನೆಯೇ ಅವರ ಮುಂದಿನ ಬದುಕಿನ ದಾರಿಯಾಯಿತು.

ಮರೆಯಲ್ಲಿ ಬೆಳೆದ ಮಗ

ಈ ಯಶಸ್ಸಿನ ವರ್ಷಗಳ ಹಿಂದೆ ದೊಡ್ಡದೊಂದು ನೋವು ಅಡಗಿತ್ತು. ಸಹೋದ್ಯೋಗಿ ವೈದ್ಯ ಜುಸೆಪ್ಪೆ ಮೊಂಟೆಸಾನೊ ಜತೆಗಿನ ಪ್ರೇಮದಿಂದ 1898ರ ಮಾರ್ಚ್ 31ರಂದು ಮಾರಿಯಾ ಅವರಿಗೆ ಗಂಡು ಮಗು ಜನಿಸಿತು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಮದುವೆಯಿಲ್ಲದೆ ತಾಯಿಯಾದವಳಿಗೆ ಆಗಿನ ಸಮಾಜದಲ್ಲಿ ಮಾನವೂ ಉಳಿಯುತ್ತಿರಲಿಲ್ಲ, ವೃತ್ತಿಯೂ ಉಳಿಯುತ್ತಿರಲಿಲ್ಲ. ಮಗು ಮಾರಿಯೊನನ್ನು ಹಳ್ಳಿಯ ಕುಟುಂಬವೊಂದರ ಬಳಿ ಗುಟ್ಟಾಗಿ ಬೆಳೆಯಲು ಬಿಡಲಾಯಿತು. 1901ರಲ್ಲಿ ಮೊಂಟೆಸಾನೊ ಬೇರೊಬ್ಬರನ್ನು ಮದುವೆಯಾದರು. ಅದೇ ವರ್ಷ ಮಾರಿಯಾ ಆ ಸಂಸ್ಥೆಯನ್ನು ತೊರೆದರು. ಊರಿನ ಮಕ್ಕಳ ಮನಸ್ಸನ್ನು ಅರಿಯಲು ಹೊರಟವರು ತಮ್ಮ ಮಗನ ಬಾಲ್ಯವನ್ನು ಹತ್ತಿರದಿಂದ ಕಾಣಲಾಗಲಿಲ್ಲ. ಹದಿಹರೆಯಕ್ಕೆ ಬಂದ ಮೇಲಷ್ಟೇ ಮಾರಿಯೊ ತಾಯಿಯ ಬಳಿಗೆ ಬಂದ. ಆಗಲೂ ಬಹುಕಾಲ ಹೊರಜಗತ್ತಿಗೆ ಅವನು ಬಂಧುವಿನ ಮಗನೆಂದೇ ಪರಿಚಿತನಾಗಿದ್ದ.

ಹೆಸರು ಮಾಡಿದ ವೈದ್ಯೆ ಮೂವತ್ತು ದಾಟಿದ ಮೇಲೆ ಮತ್ತೆ ವಿದ್ಯಾರ್ಥಿನಿಯಾದರು. ತತ್ವಶಾಸ್ತ್ರ, ಮನಃಶಾಸ್ತ್ರ, ಮಾನವಶಾಸ್ತ್ರ ಓದಿದರು. ಊರಿನ ಶಾಲೆಗಳಿಗೆ ಹೋಗಿ ಕುಳಿತು ನೋಡಿದರು. ಬೆಂಚುಗಳಿಗೆ ಅಂಟಿಸಿದಂತೆ ಕುಳ್ಳಿರಿಸಿದ ಮಕ್ಕಳನ್ನು ಕಂಡು, ಗುಂಡುಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿಟ್ಟ ಚಿಟ್ಟೆಗಳು ಅವರ ನೆನಪಿಗೆ ಬಂದವು.

ಸ್ಯಾನ್ ಲೊರೆಂಜೊ ಕೇರಿ

ರೋಮ್‌ನ ಅಂಚಿನ ಸ್ಯಾನ್ ಲೊರೆಂಜೊ, ಅರ್ಧಕ್ಕೇ ನಿಂತ ಕಟ್ಟಡಗಳಲ್ಲಿ ಬಡವರು ಕಿಕ್ಕಿರಿದು ಬದುಕುತ್ತಿದ್ದ ಕೇರಿ. ಕಳ್ಳತನ, ಕುಡಿತ, ರೋಗರುಜಿನಗಳಿಗೆ ಹೆಸರಾಗಿದ್ದ ಜಾಗ. ವಸತಿ ಸಂಸ್ಥೆಯೊಂದು ಅಲ್ಲಿನ ಕಟ್ಟಡಗಳನ್ನು ದುರಸ್ತಿ ಮಾಡಿ ಕೂಲಿಕಾರ ಕುಟುಂಬಗಳಿಗೆ ಬಾಡಿಗೆಗೆ ಕೊಟ್ಟಿತು. ತಂದೆತಾಯಿ ಇಬ್ಬರೂ ದುಡಿಯಲು ಹೋದರೆ ಶಾಲೆಯ ವಯಸ್ಸಿಗೆ ಬಾರದ ಮಕ್ಕಳು ದಿನವಿಡೀ ಮೆಟ್ಟಿಲುಗಳಲ್ಲಿ ಓಡಾಡಿ ಹೊಸ ಗೋಡೆಗಳನ್ನು ಕೆಡಿಸುತ್ತಿದ್ದರು. ಗೋಡೆ ದುರಸ್ತಿಗೆ ಸುರಿಯುವ ಹಣದಲ್ಲಿ ಮಕ್ಕಳನ್ನು ಒಂದೆಡೆ ಕೂಡಿಸಿ ನೋಡಿಕೊಳ್ಳುವುದು ಮೇಲೆಂದು ಸಂಸ್ಥೆಯ ಮುಖ್ಯಸ್ಥ ಎಡೊಆರ್ಡೊ ತಲಾಮೊ ಯೋಚಿಸಿದರು. ಆ ಹೊಣೆಯನ್ನು ಮಾರಿಯಾ ಅವರಿಗೆ ವಹಿಸಿದರು. ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ವೈದ್ಯೆಯೊಬ್ಬರು ಕೊಳಕು ಕೇರಿಯ ಮಕ್ಕಳನ್ನು ಕಾಯಲು ಒಪ್ಪಿದ್ದು ಹಲವರಿಗೆ ವಿಚಿತ್ರವಾಗಿ ಕಂಡಿತು.

1907ರ ಜನವರಿ 6ರಂದು ಮಾರ್ಸಿ ಬೀದಿಯ 58ನೇ ನಂಬರಿನ ವಠಾರದಲ್ಲಿ ಕಾಸಾ ದೇಯಿ ಬಾಂಬಿನಿ, ಅಂದರೆ ಮಕ್ಕಳ ಮನೆ, ತೆರೆಯಿತು. ಎರಡು ಮೂರು ವರ್ಷದಿಂದ ಆರರ ತನಕದ ಸುಮಾರು ಐವತ್ತು ಮಕ್ಕಳು. ಅಳುವವರು, ಹೆದರಿ ಮುದುಡಿದವರು, ಸೊರಗಿದವರು. ನೋಡಿಕೊಳ್ಳಲು ನೇಮಿಸಿದ್ದು ಶಿಕ್ಷಕ ತರಬೇತಿಯೇ ಇಲ್ಲದ ಯುವತಿಯನ್ನು. ತಾಯಂದಿರಿಗೂ ಕಟ್ಟಳೆಗಳಿದ್ದವು. ಮಕ್ಕಳನ್ನು ಮೈತೊಳೆದು ಶುಚಿಯಾದ ಬಟ್ಟೆ ತೊಡಿಸಿ ಕಳಿಸಬೇಕು. ವಾರಕ್ಕೊಮ್ಮೆಯಾದರೂ ಶಿಕ್ಷಕಿಯನ್ನು ಕಂಡು ಮಾತನಾಡಬೇಕು. ಬಡವರು ತಾನೆ, ಹೇಗಿದ್ದರೂ ನಡೆದೀತು ಎಂಬ ರಿಯಾಯಿತಿ ಅಲ್ಲಿರಲಿಲ್ಲ. ಆ ಶಿಸ್ತಿನೊಳಗೇ ಅವರ ಮೇಲಿನ ಗೌರವವೂ ಇತ್ತು.

ಹುಚ್ಚಾಸ್ಪತ್ರೆಯ ಮಕ್ಕಳಿಗಾಗಿ ರೂಪಿಸಿದ್ದ ಸಾಮಗ್ರಿಗಳನ್ನೇ ಮಾರಿಯಾ ಇಲ್ಲಿಗೂ ತಂದರು. ಕಲಿಸುವುದಕ್ಕಿಂತ ಹೆಚ್ಚಾಗಿ ಸುಮ್ಮನೆ ನೋಡಿದರು. ಸುಮಾರು ಮೂರು ವರ್ಷದ ಹುಡುಗಿಯೊಬ್ಬಳು ಮರದ ಚಿಕ್ಕ ದೊಡ್ಡ ತುಂಡುಗಳನ್ನು ಅವುಗಳ ಗುಳಿಗಳಲ್ಲಿ ಕೂರಿಸುವುದರಲ್ಲಿ ಮುಳುಗಿದ್ದಳು. ಸುತ್ತಲಿನ ಮಕ್ಕಳಿಂದ ಹಾಡು ಹಾಡಿಸಿದರೂ, ಅವಳನ್ನು ಕುರ್ಚಿಸಮೇತ ಎತ್ತಿ ಮೇಜಿನ ಮೇಲಿಟ್ಟರೂ ಅವಳ ಗಮನ ಕದಲಲಿಲ್ಲ. ಮಾರಿಯಾ ಎಣಿಸತೊಡಗಿದ ಮೇಲೆ 44 ಬಾರಿ ಅದೇ ಕೆಲಸ ಮಾಡಿ, ಕೊನೆಗೆ ನಿದ್ದೆಯಿಂದ ಎದ್ದವಳಂತೆ ತೃಪ್ತಿಯಿಂದ ತಲೆಯೆತ್ತಿದಳು. ಇಷ್ಟು ಚಿಕ್ಕ ಮಕ್ಕಳಿಗೆ ಏಕಾಗ್ರತೆ ಇರುವುದಿಲ್ಲವೆಂಬ ನಂಬಿಕೆ ಅಲ್ಲಿಗೆ ಸುಳ್ಳಾಯಿತು.

ಇನ್ನೊಂದು ದಿನ ಶಿಕ್ಷಕಿ ತಡವಾಗಿ ಬಂದಾಗ ಬೀಗ ಹಾಕದೆ ಬಿಟ್ಟಿದ್ದ ಬೀರುವಿನಿಂದ ಮಕ್ಕಳು ತಮಗೆ ಬೇಕಾದ ಸಾಮಗ್ರಿ ತೆಗೆದುಕೊಂಡು ಕೆಲಸಕ್ಕೆ ಕುಳಿತಿದ್ದರು. ಶಿಕ್ಷಕಿಗೆ ಅದು ಕಳ್ಳತನವಾಗಿ ಕಂಡಿತು. ಮಾರಿಯಾ ಅವರಿಗೆ ಅದರಲ್ಲಿ ಕಂಡದ್ದು ಆಯ್ಕೆ. ಅಂದಿನಿಂದ ಎತ್ತರದ ಬೀರುಗಳ ಜಾಗಕ್ಕೆ ಮಕ್ಕಳ ಕೈಗೆಟಕುವ ಕಪಾಟುಗಳು ಬಂದವು. ಒಮ್ಮೆ ಮೂಗು ಒರೆಸಿಕೊಳ್ಳುವುದನ್ನು ಅವರು ನಿಧಾನವಾಗಿ, ಸದ್ದಾಗದಂತೆ ಮಾಡಿ ತೋರಿಸಿದರು. ನಗು ನಿರೀಕ್ಷಿಸಿದ್ದವರಿಗೆ ಸಿಕ್ಕಿದ್ದು ಮಕ್ಕಳ ಚಪ್ಪಾಳೆ. ಸದಾ ಅದೇ ವಿಷಯಕ್ಕೆ ಬೈಗುಳ ತಿಂದಿದ್ದ ಆ ಮಕ್ಕಳಿಗೆ ಅದನ್ನು ಮರ್ಯಾದೆಯಿಂದ ಕಲಿಸಿದವರು ಅಲ್ಲಿಯತನಕ ಯಾರೂ ಇರಲಿಲ್ಲ.

ನಾಲ್ಕೈದು ವರ್ಷದ ಮಕ್ಕಳಿಗೆ ಅಕ್ಷರ ಕಲಿಸುವ ಯೋಚನೆ ಮೊದಲು ಅವರಿಗೂ ಇರಲಿಲ್ಲ. ಅದನ್ನು ಕೇಳಿದವರು ಓದು ಬಾರದ ತಾಯಂದಿರು. ಬಡಗಿಗಳು ಮರ ಉಜ್ಜಲು ಬಳಸುವ ಉಪ್ಪುಕಾಗದದಿಂದ ಅಕ್ಷರಗಳನ್ನು ಕತ್ತರಿಸಿ ರಟ್ಟಿಗೆ ಅಂಟಿಸಲಾಯಿತು. ಮಕ್ಕಳು ಅದರ ಮೇಲೆ ಬೆರಳಾಡಿಸುತ್ತ ಅಕ್ಷರದ ಸದ್ದನ್ನು ಉಚ್ಚರಿಸುತ್ತ ಹೋದರು. ಕೆಲವು ತಿಂಗಳ ಬಳಿಕ, ಬಿಸಿಲಿದ್ದ ಒಂದು ಚಳಿಗಾಲದ ದಿನ, ತಾರಸಿಯ ಮೇಲೆ ಸೀಮೆಸುಣ್ಣದಲ್ಲಿ ಚಿಮಣಿಯ ಚಿತ್ರ ಬರೆಯುತ್ತಿದ್ದ ಐದು ವರ್ಷದ ಹುಡುಗನೊಬ್ಬ ಇದ್ದಕ್ಕಿದ್ದಂತೆ ಆ ಪದವನ್ನೇ ಬರೆದ. ತಾನು ಬರೆಯಬಲ್ಲೆನೆಂದು ಕೂಗಿ ಕುಣಿದ. ಉಳಿದ ಮಕ್ಕಳೂ ಸುತ್ತ ಸೇರಿ ಸೀಮೆಸುಣ್ಣ ಕೇಳಿ ಪಡೆದರು. ಆಮೇಲೆ ನೆಲ, ಗೋಡೆ, ಬಾಗಿಲು ಯಾವುದೂ ಉಳಿಯಲಿಲ್ಲ, ಎಲ್ಲೆಲ್ಲೂ ಬರಹ. ಗೋಡೆ ಕೆಡಿಸುತ್ತಾರೆಂಬ ಕಾರಣಕ್ಕೆ ಕೂಡಿಸಿದ್ದ ಮಕ್ಕಳು ಈಗ ಗೋಡೆಯ ಮೇಲೆ ಅಕ್ಷರ ಬರೆಯುತ್ತಿದ್ದರು.

ಮಾಂಟೆಸ್ಸರಿ ಅವರ ದೊಡ್ಡ ನಿರೀಕ್ಷೆ ಎಂಬುದರ ಅರ್ಥ ಇಲ್ಲಿದೆ. ಅವರು ಮಕ್ಕಳ ಮೇಲೆ ಒತ್ತಡ ಹೇರಲಿಲ್ಲ. ಬಹುಮಾನ, ಶಿಕ್ಷೆ ಎರಡನ್ನೂ ಕೈಬಿಟ್ಟರು. ಬದಲಾಗಿ ಮಗುವಿನ ಅಳತೆಯ ಕುರ್ಚಿ ಮೇಜು, ತಪ್ಪನ್ನು ತಾನೇ ಕಂಡು ತಿದ್ದಿಕೊಳ್ಳಬಹುದಾದ ಸಾಮಗ್ರಿ, ಅಡ್ಡಿಯಿಲ್ಲದ ಸಮಯ ಇವಿಷ್ಟನ್ನು ಒದಗಿಸಿ, ಉಳಿದದ್ದನ್ನು ಮಗು ಮಾಡಬಲ್ಲದು ಎಂದು ಕಾದರು. ಮಗು ಸೋತರೆ ಅದರ ಬುದ್ಧಿಯನ್ನು ಶಂಕಿಸುವ ಮೊದಲು ಸುತ್ತಲಿನ ಪರಿಸರವನ್ನು ಶಂಕಿಸಬೇಕೆಂಬುದು ಅವರ ಪಾಠ. ಬಡತನದಲ್ಲಿ ಹುಟ್ಟಿದ ಮಗುವಿನ ಬಗ್ಗೆ ಜಗತ್ತು ಸಾಮಾನ್ಯವಾಗಿ ಮಾಡುವುದು ಇದಕ್ಕೆ ತದ್ವಿರುದ್ಧ.

ಖ್ಯಾತಿ ಮತ್ತು ಸಂಘರ್ಷ

ಅದೇ ವರ್ಷ ಕೇರಿಯಲ್ಲಿ ಎರಡನೇ ಮನೆ, 1908ರಲ್ಲಿ ಮಿಲಾನ್ ನಗರದ ಕಾರ್ಮಿಕರ ವಸತಿಯಲ್ಲಿ ಮತ್ತೊಂದು ಮನೆ ತೆರೆಯಿತು. 1908ರ ಡಿಸೆಂಬರ್‌ನಲ್ಲಿ ಮೆಸ್ಸಿನಾ ನಗರವನ್ನು ನೆಲಸಮ ಮಾಡಿದ ಭೂಕಂಪದಲ್ಲಿ ಅನಾಥರಾಗಿ, ಮಾತೇ ಮರೆತಂತಿದ್ದ ಮಕ್ಕಳಿಗೂ ರೋಮ್‌ನ ಸನ್ಯಾಸಿನಿಯರ ಮಠದಲ್ಲಿ ಇಂಥದೇ ಮನೆ ಸಿದ್ಧವಾಯಿತು. 1909ರಲ್ಲಿ ಮಾರಿಯಾ ತಮ್ಮ ಪದ್ಧತಿಯನ್ನು ವಿವರಿಸುವ ಗ್ರಂಥ ಪ್ರಕಟಿಸಿದರು. 1912ರಲ್ಲಿ ಅದರ ಇಂಗ್ಲಿಷ್ ಅನುವಾದ ಬಂದೊಡನೆ ಖ್ಯಾತಿ ಕಡಲು ದಾಟಿತು. 1913ರಲ್ಲಿ ಅವರು ಅಮೆರಿಕಕ್ಕೆ ಹೋದಾಗ ನ್ಯೂಯಾರ್ಕ್‌ನ ಕಾರ್ನೆಗಿ ಸಭಾಂಗಣ ಕಿಕ್ಕಿರಿಯಿತು. ಮರುವರ್ಷವೇ ಅಲ್ಲಿನ ಶಿಕ್ಷಣ ತಜ್ಞ ಕಿಲ್‌ಪ್ಯಾಟ್ರಿಕ್ ಬರೆದ ಕಟು ವಿಮರ್ಶೆಯಿಂದ ಆ ದೇಶದಲ್ಲಿ ಪದ್ಧತಿಯ ಜನಪ್ರಿಯತೆ ಕುಗ್ಗಿತು. ಈ ವೇಳೆಗೆ ಮಾರಿಯಾ ವೈದ್ಯವೃತ್ತಿಯನ್ನೂ ವಿಶ್ವವಿದ್ಯಾಲಯದ ಪಾಠವನ್ನೂ ಬಿಟ್ಟು, ನಿಶ್ಚಿತ ವರಮಾನವಿಲ್ಲದ ದಾರಿ ಹಿಡಿದಿದ್ದರು. ತರಬೇತಿ ಮತ್ತು ಸಾಮಗ್ರಿಗಳ ಮೇಲೆ ಅವರು ಇಟ್ಟುಕೊಂಡ ಬಿಗಿಹಿಡಿತ ಅನೇಕ ಅಭಿಮಾನಿಗಳನ್ನೇ ದೂರ ಮಾಡಿತು. ಮಕ್ಕಳಿಗೆ ಕೊಟ್ಟಷ್ಟು ಸ್ವಾತಂತ್ರ್ಯವನ್ನು ಅವರು ಅನುಯಾಯಿಗಳಿಗೆ ಕೊಡಲಿಲ್ಲ ಎಂಬ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ.

ಅವರ ಬದುಕಿನ ಅತ್ಯಂತ ವಿವಾದಾಸ್ಪದ ಅಧ್ಯಾಯ 1924ರಲ್ಲಿ ಆರಂಭವಾಯಿತು. ಇಟಲಿಯ ಸರ್ವಾಧಿಕಾರಿ ಮುಸ್ಸೊಲಿನಿ ಅವರ ಶಾಲೆಗಳಿಗೆ ಸರ್ಕಾರದ ಬೆಂಬಲ ನೀಡಿದ. ದೇಶದ ಮಕ್ಕಳಿಗೆಲ್ಲ ತಮ್ಮ ಪದ್ಧತಿ ತಲುಪುವುದೆಂಬ ಆಸೆಯಿಂದ ಮಾರಿಯಾ ಅದನ್ನು ಸ್ವೀಕರಿಸಿದರು. ಆದರೆ ಸರ್ವಾಧಿಕಾರಿಗೆ ಬೇಕಾಗಿದ್ದದ್ದು ಅಪ್ಪಣೆ ಪಾಲಿಸುವ ಪಡೆ. ಮಾರಿಯಾ ಬೆಳೆಸಲು ಹೊರಟದ್ದು ಸ್ವಂತ ಬುದ್ಧಿಯಿಂದ ಯೋಚಿಸುವ ಮಕ್ಕಳನ್ನು. ಇವೆರಡೂ ಬಹುದಿನ ಒಟ್ಟಿಗೆ ಸಾಗುವಂತಿರಲಿಲ್ಲ. 1933ರಲ್ಲಿ ಅವರು ಸರ್ಕಾರಿ ಬೆಂಬಲದ ಸಂಸ್ಥೆಗೆ ರಾಜೀನಾಮೆ ಕೊಟ್ಟರು. ಮುಂದಿನ ಕೆಲವೇ ವರ್ಷಗಳಲ್ಲಿ ಇಟಲಿಯ ಮಾಂಟೆಸ್ಸರಿ ಶಾಲೆಗಳ ಬಾಗಿಲು ಮುಚ್ಚಿತು. ಜರ್ಮನಿಯಲ್ಲಿ ನಾಜಿಗಳೂ ಅದನ್ನೇ ಮಾಡಿದರು. ಬಾರ್ಸಿಲೋನಾದಲ್ಲಿ ನೆಲೆಯೂರಿದ್ದ ಅವರನ್ನು 1936ರ ಸ್ಪೇನ್ ಅಂತರ್ಯುದ್ಧ ಅಲ್ಲಿಂದಲೂ ಎಬ್ಬಿಸಿತು. ಅರವತ್ತೈದು ದಾಟಿದ ವಯಸ್ಸಿನಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಆಶ್ರಯ ಪಡೆದರು.

ಅಡ್ಯಾರಿನ ದಿನಗಳು

ಭಾರತದೊಂದಿಗೆ ಅವರ ನಂಟು ಹಳೆಯದು. 1931ರಲ್ಲಿ ದುಂಡುಮೇಜಿನ ಸಮ್ಮೇಳನಕ್ಕೆ ಲಂಡನ್‌ಗೆ ಹೋಗಿದ್ದ ಗಾಂಧೀಜಿ ಅವರನ್ನು ಭೇಟಿಯಾಗಿ, ಅವರ ತರಬೇತಿ ಕಾಲೇಜಿನಲ್ಲಿ ಭಾಷಣ ಮಾಡಿದ್ದರು. ಮದರಾಸಿನ ಅಡ್ಯಾರಿನಲ್ಲಿದ್ದ ಥಿಯಾಸಾಫಿಕಲ್ ಸೊಸೈಟಿಯ ಅಧ್ಯಕ್ಷ ಜಾರ್ಜ್ ಅರುಂಡೇಲ್ ಅವರ ಆಹ್ವಾನದ ಮೇರೆಗೆ 1939ರಲ್ಲಿ, ತಮ್ಮ 69ನೇ ವಯಸ್ಸಿನಲ್ಲಿ, ಮಾರಿಯಾ ಮಗನೊಂದಿಗೆ ಭಾರತಕ್ಕೆ ಬಂದರು. ಮೊದಲ ತರಬೇತಿಗೇ ದೇಶದ ಮೂಲೆಮೂಲೆಯಿಂದ 300ಕ್ಕೂ ಹೆಚ್ಚು ಶಿಕ್ಷಕರು ಸೇರಿದರು. ಅವರು ಇಟಾಲಿಯನ್ ಭಾಷೆಯಲ್ಲಿ ಉಪನ್ಯಾಸ ಮಾಡುತ್ತಿದ್ದರು. ಮಾರಿಯೊ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದರು.

ಕೆಲವು ತಿಂಗಳಿಗೆಂದು ಬಂದವರು ಇಲ್ಲಿ ವರ್ಷಗಟ್ಟಲೆ ಉಳಿಯಬೇಕಾಯಿತು. 1940ರ ಜೂನ್‌ನಲ್ಲಿ ಇಟಲಿ ಮಹಾಯುದ್ಧಕ್ಕೆ ಇಳಿದೊಡನೆ ಬ್ರಿಟಿಷ್ ಸರ್ಕಾರದ ದೃಷ್ಟಿಯಲ್ಲಿ ತಾಯಿ ಮಗ ಇಬ್ಬರೂ ಶತ್ರು ದೇಶದವರಾದರು. ಮಾರಿಯೊ ಅವರನ್ನು ಅಹಮದ್‌ನಗರದ ಶಿಬಿರದಲ್ಲಿ ಬಂಧನದಲ್ಲಿಟ್ಟರು. ತಾಯಿ ಅಡ್ಯಾರಿನ ಆವರಣ ಬಿಟ್ಟು ಹೊರಡದಂತೆ ನಿರ್ಬಂಧಿಸಿದರು. ಆಗಸ್ಟ್ 31ರಂದು ಅವರಿಗೆ ಎಪ್ಪತ್ತು ತುಂಬಿದಾಗ, ಹುಟ್ಟುಹಬ್ಬದ ಕಾಣಿಕೆಯೆಂಬಂತೆ ವೈಸ್‌ರಾಯ್ ಮಗನನ್ನು ಬಿಡುಗಡೆ ಮಾಡಿದರು. ಎಷ್ಟೋ ವರ್ಷ ಬಂಧುವೆಂದು ಹೇಳಿಕೊಂಡು ಬಂದ ಮಗನನ್ನು ಆ ಸಂದರ್ಭದಲ್ಲಿ ಸರ್ಕಾರವೇ ಮಗನೆಂದು ಗುರುತಿಸಿ ತಾಯಿಗೆ ಒಪ್ಪಿಸಿದಂತಾಯಿತು. ಯುದ್ಧದ ವರ್ಷಗಳಲ್ಲಿ ಕೊಡೈಕೆನಾಲ್‌ನಲ್ಲಿ ಅವರು ವಿವಿಧ ವಯಸ್ಸಿನ ಮಕ್ಕಳ ನಡುವೆ ಕೆಲಸ ಮುಂದುವರಿಸಿದರು. 1946ರಲ್ಲಿ ಯೂರೋಪಿಗೆ ಮರಳಿದರೂ ಮರುವರ್ಷ ಮತ್ತೆ ಬಂದು 1949ರವರೆಗೆ ಈ ಉಪಖಂಡದಲ್ಲಿ ತರಬೇತಿ ನಡೆಸಿದರು. ಇಲ್ಲಿನ ಉಪನ್ಯಾಸಗಳಿಂದ ರೂಪುಗೊಂಡ ಅವರ ಪ್ರಸಿದ್ಧ ಕೃತಿ 'ದಿ ಅಬ್ಸಾರ್ಬೆಂಟ್ ಮೈಂಡ್' 1949ರಲ್ಲಿ ಮೊದಲು ಅಚ್ಚಾದದ್ದು ಮದರಾಸಿನಲ್ಲೇ.

ನೊಬೆಲ್ ಶಾಂತಿ ಪ್ರಶಸ್ತಿಗೆ ಅವರ ಹೆಸರು 1949, 1950, 1951 ಹೀಗೆ ಮೂರು ವರ್ಷ ಸೂಚಿತವಾದರೂ ಪ್ರಶಸ್ತಿ ಬರಲಿಲ್ಲ. 1952ರ ಮೇ 6ರಂದು ನೆದರ್‌ಲೆಂಡ್ಸ್‌ನ ಕಡಲತೀರದ ನೂರ್ಡ್‌ವೈಕ್ ಎಂಬ ಊರಿನಲ್ಲಿ, 81ನೇ ವಯಸ್ಸಿನಲ್ಲಿ ನಿಧನರಾದರು. ಅಲ್ಲಿಯೇ ಅವರ ಸಮಾಧಿಯಿದೆ. ಒಮ್ಮೆ ಅವರ ಶಾಲೆಗಳನ್ನು ಮುಚ್ಚಿದ್ದ ಇಟಲಿ, ಯೂರೊ ನಾಣ್ಯ ಬರುವ ಮುನ್ನ ತನ್ನ ಸಾವಿರ ಲಿರಾ ನೋಟಿನ ಮೇಲೆ ಅವರ ಚಿತ್ರವನ್ನು ಅಚ್ಚು ಹಾಕಿತು.

ಎರಡು ವಾರಸಿಕೆ

ಅವರ ಹೆಸರಿನ ಮೇಲೆ ಯಾರ ಏಕಸ್ವಾಮ್ಯವೂ ಇಲ್ಲದ ಕಾರಣ ಯಾರು ಬೇಕಾದರೂ ಫಲಕದ ಮೇಲೆ ಅದನ್ನು ಬರೆಸಿಕೊಳ್ಳಬಹುದು. ಪದ್ಧತಿಯನ್ನು ಶ್ರದ್ಧೆಯಿಂದ ಪಾಲಿಸುವ ಶಾಲೆಗಳು ನಮ್ಮ ನಗರಗಳಲ್ಲಿ ಇವೆ. ಹೆಸರನ್ನಷ್ಟೇ ಎರವಲು ಪಡೆದವೂ ಇವೆ. ಎರಡರಲ್ಲೂ ಕೂಲಿಕಾರರ ಮಕ್ಕಳು ಕಾಣಸಿಗುವುದು ವಿರಳ. ಕೇರಿಯ ಮಕ್ಕಳಿಗಾಗಿ ಹುಟ್ಟಿದ ವಿದ್ಯೆ ಕೇರಿಯವರ ಕೈಗೆಟಕದಷ್ಟು ಎತ್ತರಕ್ಕೆ ಹೋಗಿ ಕುಳಿತಿದೆ.

ಆದರೆ ಅವರ ವಾರಸಿಕೆ ಅಷ್ಟಕ್ಕೇ ಮುಗಿಯುವುದಿಲ್ಲ. ಅವರು ಭಾರತಕ್ಕೆ ಬರುವ ಮುನ್ನವೇ ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ತೆರೆದು, ಈ ಪದ್ಧತಿಯನ್ನು ನಮ್ಮ ನೆಲಕ್ಕೆ ಒಗ್ಗಿಸಿದ್ದರು. ಅವರ ಸಹವರ್ತಿ ತಾರಾಬಾಯಿ ಮೋಡಕ್ ಮುಂದೆ ಮಹಾರಾಷ್ಟ್ರದ ಬೋರ್ಡಿ, ಕೋಸಬಾಡಗಳಲ್ಲಿ ದುಬಾರಿ ಸಾಮಗ್ರಿಗಳ ಬದಲು ಕೈಗೆ ಸಿಗುವ ವಸ್ತುಗಳನ್ನೇ ಬಳಸಿ ಆದಿವಾಸಿ ಮಕ್ಕಳಿಗೆ ಕಲಿಸಿದರು. ಶಾಲೆಗೆ ಬಾರದ ಮಕ್ಕಳಿದ್ದೆಡೆಗೆ, ಅವರ ಮನೆಯಂಗಳಕ್ಕೆ, ಶಾಲೆಯನ್ನೇ ಒಯ್ದರು. ಆ ಪ್ರಯೋಗದ ಹೆಸರೇ ಅಂಗನವಾಡಿ. 1975ರಲ್ಲಿ ಕೇಂದ್ರ ಸರ್ಕಾರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿದಾಗ ಅದರ ಕೇಂದ್ರಗಳಿಗೆ ಬಂದದ್ದೂ ಅದೇ ಹೆಸರು.

ಇಂದು ಕರ್ನಾಟಕದ ಹಳ್ಳಿ, ಕೊಳೆಗೇರಿಗಳ ಅಂಗನವಾಡಿಗೆ ಬರುವ ಮಗುವಿಗೆ ಊಟ ಸಿಗುತ್ತದೆ, ಚುಚ್ಚುಮದ್ದು ಸಿಗುತ್ತದೆ. ಇವೆರಡೂ ಬೇಕೇ ಬೇಕು. ಆದರೆ ರೊಟ್ಟಿಯ ಚೂರಿಗೆ ಮುಗಿಬಿದ್ದ ಮಕ್ಕಳಲ್ಲಿ ಮಾರಿಯಾ ಕಂಡದ್ದು ಬೇರೆಯದೇ ಹಸಿವನ್ನು. ಆ ಹಸಿವು ಬಡಾವಣೆಯ ಮಗುವಿಗೂ ಅಂಗನವಾಡಿಯ ಮಗುವಿಗೂ ಒಂದೇ. ಅದನ್ನು ತಣಿಸುವ ಸಾಮಗ್ರಿ, ತರಬೇತಾದ ಶಿಕ್ಷಕಿ ಮತ್ತು ಸಮಯ ಮೊದಲು ಸಲ್ಲಬೇಕಾದದ್ದು ಯಾರಿಗೆ ಎಂಬುದಕ್ಕೆ ಮಾರ್ಸಿ ಬೀದಿಯ ವಠಾರ 1907ರಲ್ಲೇ ಉತ್ತರ ಕೊಟ್ಟಿದೆ.